ಮೀಸೆ ಬೋಳಿಸಿದ ಅಪ್ಪನನ್ನು 7 ವರ್ಷದ ಮಗ ಗುರುತಿಸಲಿಲ್ಲ. ಮುಖ ಗುರುತು ಹಿಡಿಯಲು ತರಬೇತಿ ಕೊಡಿಸಬೇಕಾ?

ಆಲ್ಬಮ್ ಮುಂದಿಟ್ಟುಕೊಂಡು ದಿನಾ ರಾತ್ರಿ ‘ಇದು ಯಾರು ಹೇಳು’ ಅಂತ ಮಗನಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನು ನಿಲ್ಲಿಸಿ. ಮಕ್ಕಳ ಮೆದುಳು ಚುರುಕು ಮಾಡುತ್ತೇವೆ ಅನ್ನುವ ಮಿಡ್‌ಬ್ರೇನ್ ಕ್ಲಾಸಿಗೆ ಸೇರಿಸಲೇ ಅಂತಲೂ ಕೇಳಿದ್ದೀರಿ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನದು ತಿಪಟೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲೂ ಇದೇ ಕಥೆ. ಸ್ಕೂಲಿನ ಮಿಸ್ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಿ ಮಾತಾಡಿಸಿದರೆ ನನ್ನ ಹಿಂದೆ ಅಡಗುತ್ತಿದ್ದಳು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಸೋದರಮಾವನನ್ನು ಕಂಡು ‘ಅಮ್ಮಾ, ಯಾರೋ ಬಂದಿದ್ದಾರೆ’ ಅಂತ ಒಳಗೆ ಓಡಿದಳು. ಒಂದು ಮದುವೆಯಲ್ಲಿ ನನ್ನ ಹೆಂಡತಿ ಆರತಕ್ಷತೆಗೆ ಅಂತ ಸೀರೆ ಬದಲಾಯಿಸಿದಳು. ಮಗಳು ಬೆಳಗಿನ ಸೀರೆಯ ಬಣ್ಣವನ್ನೇ ಹುಡುಕಿಕೊಂಡು ಹೋಗಿ ಇನ್ಯಾರದೋ ಸೆರಗು ಹಿಡಿದು ನಿಂತಿದ್ದಳು. ನೆಂಟರಿಗೆ ಅಷ್ಟು ಸಾಕಲ್ವಾ? ‘ಏನು ಮಗುವೋ, ಮುಖ ಕೊಟ್ಟು ಮಾತಾಡೋದೇ ಇಲ್ಲ’ ಅಂತ ಶುರುವಾಯಿತು.

ಆದರೆ ಅಂಗಡಿಗೆ ಬಂದರೆ ಅವಳದ್ದು ಹದ್ದಿನ ಕಣ್ಣು. ಒಂದೇ ಅಳತೆಯ, ಬೇರೆ ಬೇರೆ ಕಡೆಯಿಂದ ಬಂದ ಲೋಟಗಳು ಕಲೆತುಹೋದರೆ ಅಂಚಿನ ಮಡಿಕೆ ನೋಡಿಯೇ ಬೇರೆ ಮಾಡುತ್ತಿದ್ದಳು. ನಮ್ಮ ಬೀದಿಯಲ್ಲಿ ನಿಂತ ಸ್ಕೂಟರ್‌ಗಳಲ್ಲಿ ಯಾವುದು ಯಾರದ್ದು ಅಂತ ನಂಬರ್ ಪ್ಲೇಟ್ ನೋಡದೆ ಹೇಳುತ್ತಿದ್ದಳು. ಪಾತ್ರೆಗೆ ಹೆಸರು ಕೊರೆಯುವ ಮಿಷನ್ ಪಕ್ಕ ಕೂತು ಒಂದು ಸಲ ಕೇಳಿದಳು: ‘ಅಪ್ಪ, ಜನಗಳ ಮೇಲೂ ಹೀಗೇ ಹೆಸರು ಕೊರೆದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ?’ ನಾನು ನಕ್ಕೆ. ಮಗು ಅಲ್ಲಿ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು, ನನಗೆ ಅದು ಜೋಕ್ ಥರ ಕೇಳಿಸಿತು.

ಕಣ್ಣು ಚೆನ್ನಾಗಿದೆ, ನೆನಪು ಚೆನ್ನಾಗಿದೆ, ಹಾಗಾದರೆ ಇವಳು ಗಮನ ಕೊಡುತ್ತಿಲ್ಲ ಅಷ್ಟೇ ಅಂತ ತೀರ್ಮಾನ ಮಾಡಿದೆ. ನೀವೂ ಹೆಚ್ಚುಕಮ್ಮಿ ಅದನ್ನೇ ಬರೆದಿದ್ದೀರಿ: ‘ಕಾರುಗಳ ಮಾಡೆಲ್ ಎಲ್ಲಾ ಹೇಳ್ತಾನೆ, ಮನುಷ್ಯರ ಮುಖ ಮಾತ್ರ ನೆನಪಿರಲ್ಲ’ ಅಂತ.

ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳನ್ನೆಲ್ಲ ಸೇರಿಸಿ ನಾನೂ ಒಂದು ಆಲ್ಬಮ್ ಮಾಡಿದೆ. ಊಟ ಆದಮೇಲೆ ಪರೀಕ್ಷೆ. ಸರಿ ಹೇಳಿದರೆ ಕೊಬ್ಬರಿ ಮಿಠಾಯಿ. ತಪ್ಪು ಹೇಳಿದರೆ ‘ಮುಖ ನೋಡೇ, ಮುಖ! ಸೀರೆ ನೋಡಬೇಡ, ಕನ್ನಡಕ ನೋಡಬೇಡ’ ಅಂತ ರೇಗುತ್ತಿದ್ದೆ. ‘ಗೊತ್ತಿಲ್ಲ’ ಅಂದರೂ ತಪ್ಪು, ‘ಇವರು ಯಾರಪ್ಪ?’ ಅಂತ ಕೇಳಿದರೂ ತಪ್ಪು. ಮಳೆಗಾಲ ಮುಗಿಯುವಷ್ಟರಲ್ಲಿ ಪಟಪಟ ಅಂತ ಹೇಳತೊಡಗಿದಳು. ಗೆದ್ದೆ ಅಂದುಕೊಂಡೆ. ನೆಂಟರು ಬಂದಾಗ ಆಲ್ಬಮ್ ತೆಗೆದು ಪ್ರದರ್ಶನ ಬೇರೆ!

ಒಂದು ದಿನ ಸ್ಕೂಲಿನಿಂದ ಅವಳನ್ನು ಕರೆತರಲು ನನಗೆ ಆಗಲಿಲ್ಲ. ಚಿಕ್ಕಪ್ಪ ಬರುತ್ತಾನೆ, ಮುಖ ನೋಡಿ ಗಾಡಿ ಹತ್ತು ಅಂತ ಬೆಳಿಗ್ಗೆಯೇ ಹೇಳಿದ್ದೆ. ನನ್ನ ತಮ್ಮ ಬರುವುದು ಸ್ವಲ್ಪ ತಡವಾಯಿತು. ಗೇಟಿನ ಹತ್ತಿರ ದಪ್ಪ ಮೀಸೆ, ಕಪ್ಪು ಫ್ರೇಮಿನ ಕನ್ನಡಕದ ಒಬ್ಬರು ಸ್ಕೂಟರ್ ಮೇಲೆ ಕೂತಿದ್ದರು. ಇವಳು ಸೀದಾ ಹೋಗಿ ಹಿಂದೆ ಹತ್ತಿ ಕೂತಿದ್ದಾಳೆ. ಅವರು ಯಾವುದೋ ಹುಡುಗನ ತಂದೆ, ಮಗನನ್ನು ಕರೆದೊಯ್ಯಲು ಬಂದವರು. ಗಾಬರಿಯಾಗಿ ‘ಯಾರಮ್ಮ ನೀನು?’ ಅಂದಿದ್ದಾರೆ. ಇವಳು ಬೆಚ್ಚಿ ಅಳಲು ಶುರು ಮಾಡಿದ್ದಾಳೆ. ಜನ ಸೇರಿ ಅವರನ್ನೇ ದಬಾಯಿಸುತ್ತಿದ್ದಾಗ ನನ್ನ ತಮ್ಮ ಬಂದ. ‘ಇಬ್ಬರಲ್ಲಿ ನಿನ್ನ ಚಿಕ್ಕಪ್ಪ ಯಾರು ತೋರಿಸಮ್ಮ’ ಅಂತ ಯಾರೋ ಕೇಳಿದರಂತೆ. ಮಗು ಇಬ್ಬರನ್ನೂ ನೋಡಿತು, ಕೈ ಎತ್ತಲಿಲ್ಲ. ಇಡೀ ಕ್ಲಾಸು ನೋಡುತ್ತಿತ್ತು.

ಮನೆಗೆ ಬಂದು ಅವಳು ಹೇಳಿದ್ದನ್ನು ಕೇಳಿ. ‘ಗಾಡಿ ಚಿಕ್ಕಪ್ಪಂದಲ್ಲ ಅಂತ ಗೊತ್ತಾಯ್ತು ಅಪ್ಪ. ಚಿಕ್ಕಪ್ಪನ ಗಾಡಿ ಸೀಟಿಗೆ ಟೇಪ್ ಇದೆ, ಎಡಗಡೆ ತುಕ್ಕು ಇದೆ. ಆದ್ರೆ ಬೇರೆ ಏನೂ ನೋಡಬೇಡ, ಮುಖ ನೋಡು ಅಂದಿದ್ಯಲ್ಲ.’

ಅಂದರೆ ಅವಳಿಗೆ ಉತ್ತರ ಗೊತ್ತಿತ್ತು. ವಸ್ತುಗಳನ್ನು ನೋಡುವ ಅವಳ ಕಣ್ಣು ‘ಇದಲ್ಲ’ ಅಂತ ಸರಿಯಾಗಿಯೇ ಹೇಳಿತ್ತು. ಅದನ್ನು ನಂಬಬೇಡ ಅಂತ ಕಲಿಸಿದವನು ನಾನು. ಮುಖ ನೋಡು ಅಂದರೆ ಅವಳಿಗೆ ಸಿಕ್ಕುತ್ತಿದ್ದದ್ದು ಮೀಸೆ ಮತ್ತು ಫ್ರೇಮು, ಅದೂ ಆಲ್ಬಮ್ಮಿನ ಒಂದೇ ಫೋಟೋದ್ದು. ಸಂಶಯ ಬಂದಾಗ ‘ನೀವು ಯಾರು?’ ಅಂತ ಒಂದು ಮಾತು ಕೇಳಿದ್ದರೆ ಧ್ವನಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ಆದರೆ ನಮ್ಮ ಆಟದಲ್ಲಿ ಕೇಳಿದವರು ಸೋತಂತೆ. ಮಿಠಾಯಿ ಇಲ್ಲ, ಮೇಲಿಂದ ಬೈಗುಳ. ಮಗುವಿಗೆ ಬೇರೆ ಯಾವ ದಾರಿ ಉಳಿದಿತ್ತು ಹೇಳಿ? ಊಹೆ ಮಾಡಿ, ಗೊತ್ತಿರುವ ಹಾಗೆ ನಟಿಸುವುದು. ಅದನ್ನೇ ಮಾಡಿದಳು.

ಆಮೇಲೆ ನಾನು ಒಂದು ರಟ್ಟಿನಲ್ಲಿ ಸಣ್ಣ ತೂತು ಮಾಡಿ, ಮುಖ ಮಾತ್ರ ಕಾಣುವ ಹಾಗೆ ಆಲ್ಬಮ್ ಮೇಲಿಟ್ಟು ಕೇಳಿದೆ. ಒಂದೂ ಸರಿಯಾಗಿ ಹೇಳಲಿಲ್ಲ. ರಟ್ಟು ತೆಗೆದ ಕೂಡಲೇ ‘ಹಸಿರು ಬಾಗಿಲು, ಗಿರಿಜತ್ತೆ’. ಮಳೆಗಾಲ ಪೂರ್ತಿ ಅವಳು ಕಲಿತದ್ದು ಬಾಗಿಲು, ಕರ್ಟನ್, ಹೂವಿನ ಕುಂಡ. ಒಂದೇ ಫೋಟೋವನ್ನು ಎಷ್ಟು ಸಲ ನೋಡಿದರೂ ಆ ಫೋಟೋ ಗೊತ್ತಾಗುತ್ತದೆಯೇ ಹೊರತು ಅದರೊಳಗಿನ ಮನುಷ್ಯ ಗೊತ್ತಾಗುವುದಿಲ್ಲ. ಆಲ್ಬಮ್ ಬಿಡಿ ಅಂದದ್ದು ಇದಕ್ಕೇ. ನಿಮ್ಮ ಮಗ ಈಗ ಎಲ್ಲಾ ಸರಿ ಹೇಳುತ್ತಿದ್ದರೆ ಖುಷಿಪಡುವ ಮೊದಲು ಒಮ್ಮೆ ರಟ್ಟು ಇಟ್ಟು ನೋಡಿ.

ಆ ಘಟನೆಯಾದ ಮೇಲೆ ಅವಳು ಯಾರನ್ನೂ ತಾನಾಗಿ ಮಾತಾಡಿಸುವುದನ್ನೇ ಬಿಟ್ಟಳು. ಮದುವೆ ಮುಂಜಿ ಅಂದರೆ ಹೊಟ್ಟೆನೋವು. ಕೊನೆಗೆ ಸ್ಕೂಲೂ ಬದಲಾಯಿಸಬೇಕಾಯಿತು. ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲ ಅಂದ ಮೇಲೆ ಬೆಂಗಳೂರಿನ ಒಬ್ಬ ನ್ಯೂರೋಸೈಕಾಲಜಿಸ್ಟ್ ಮೇಡಂ ಹತ್ತಿರ ಹೋದೆವು. ಮೆದುಳು ನೋಟ, ನೆನಪಿನಂಥ ಕೆಲಸಗಳನ್ನು ಹೇಗೆ ಮಾಡುತ್ತಿದೆ ಅಂತ ಟೆಸ್ಟ್ ಮಾಡಿ ಹೇಳುವವರು ಅವರು. ಕೆಳಗೆ ಬರೆಯುವುದರಲ್ಲಿ ಜಾಸ್ತಿ ಅವರಿಂದ ತಿಳಿದದ್ದು, ಉಳಿದದ್ದು ಆಮೇಲೆ ಮಗಳೇ ಹುಡುಕಿ ಓದಿ ನನಗೆ ಹೇಳಿದ್ದು.

ಮೊದಲನೆಯದಾಗಿ, 7 ವರ್ಷಕ್ಕೆ ನಿಮ್ಮ ಮಗ ಮಾಡುತ್ತಿರುವುದರಲ್ಲಿ ಅರ್ಧದಷ್ಟು ಮಾಮೂಲಿ. 1977ರಲ್ಲಿ ಅಮೆರಿಕದಲ್ಲಿ ಸೂಸನ್ ಕೇರಿ, ರಿಯಾ ಡೈಮಂಡ್ ಅನ್ನುವವರು ಮಕ್ಕಳಿಗೆ ಅಪರಿಚಿತರ ಫೋಟೋ ತೋರಿಸಿ ಪರೀಕ್ಷೆ ಮಾಡಿದ್ದರು. 6 ವರ್ಷದ ಮಕ್ಕಳು ಟೋಪಿ, ಬಟ್ಟೆ ನೋಡಿ ಮೋಸ ಹೋಗುತ್ತಿದ್ದರು. ಒಂದೇ ಟೋಪಿ ಹಾಕಿದ ಇಬ್ಬರು ಬೇರೆ ಬೇರೆ ಜನ ಅವರಿಗೆ ಒಬ್ಬರೇ. 10 ವರ್ಷದ ಮಕ್ಕಳು ಅಷ್ಟು ಸುಲಭವಾಗಿ ಮೋಸ ಹೋಗಲಿಲ್ಲ. ಸಣ್ಣ ಮಕ್ಕಳು ಮುಖವನ್ನು ನೋಡುವ ರೀತಿಯೇ ಬೇರೆಯೋ, ಅಥವಾ ರೀತಿ ಅದೇ ಇದ್ದು ಅಭ್ಯಾಸ ಸಾಲದೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ಆ ಜಗಳದಿಂದ ನಮಗೇನೂ ಆಗಬೇಕಿಲ್ಲ. ವಯಸ್ಸಾಗುತ್ತ ಸುಧಾರಿಸುತ್ತದೆ ಅನ್ನುವುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ವಿಚಿತ್ರ ಏನು ಅಂದರೆ, ಕೂಸುಗಳಿಗೆ ಮುಖದ ಮೇಲೆ ಹುಟ್ಟಿದಾಗಿನಿಂದಲೇ ಕಣ್ಣು. ಹುಟ್ಟಿ ಕೆಲವೇ ನಿಮಿಷವಾದ ಕೂಸು ಕೂಡ ಕಣ್ಣು, ಮೂಗು, ಬಾಯಿ ಇರಬೇಕಾದ ಜಾಗದಲ್ಲಿ ಇರುವ ಚಿತ್ರದ ಕಡೆ ಜಾಸ್ತಿ ತಿರುಗುತ್ತದೆ. ಅವನ್ನೇ ಅಡ್ಡಾದಿಡ್ಡಿ ಬರೆದು ತೋರಿಸಿದರೆ ಅಷ್ಟು ತಿರುಗುವುದಿಲ್ಲ. 1975ರಲ್ಲೇ ಇದನ್ನು ನೋಡಿದ್ದರು. ಆದರೆ ‘ಇದು ಮುಖ’ ಅಂತ ತಿಳಿಯುವುದು ಬೇರೆ, ‘ಇದು ಇಂಥವರ ಮುಖ’ ಅಂತ ತಿಳಿಯುವುದು ಬೇರೆ. ಹುಟ್ಟಿ ಕೆಲವು ದಿನವಾದ ಕೂಸು ತಾಯಿಯನ್ನು ಬೇರೆ ಹೆಂಗಸಿಗಿಂತ ಜಾಸ್ತಿ ಹೊತ್ತು ನೋಡುತ್ತದೆ. ಆದರೆ ತಾಯಿಯೂ ಆ ಹೆಂಗಸೂ ಕೂದಲು ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡರೆ ಆ ವ್ಯತ್ಯಾಸ ಕಾಣದೇ ಹೋಗುತ್ತದೆ. ಇದು 1995ರ ಫ್ರಾನ್ಸಿನ ಪ್ರಯೋಗ. ಓದಿದಾಗ ನನಗೆ ಮುಡಿ ಕೊಟ್ಟು ಬಂದ ನಮ್ಮ ಭಾವಮೈದುನನೇ ಕಣ್ಮುಂದೆ ಬಂದ.

ಇನ್ನೊಂದು ಪ್ರಯೋಗ ಮಗಳಿಗೆ ತುಂಬಾ ಇಷ್ಟ. 2002ರಲ್ಲಿ ಕೂಸುಗಳಿಗೆ ಕೋತಿಗಳ ಮುಖ ತೋರಿಸಿದರು. 6 ತಿಂಗಳ ಕೂಸುಗಳು ಒಂದು ಕೋತಿಗೂ ಇನ್ನೊಂದು ಕೋತಿಗೂ ವ್ಯತ್ಯಾಸ ಕಂಡುಹಿಡಿದವು. 9 ತಿಂಗಳ ಕೂಸುಗಳಿಗೆ ಆಗಲಿಲ್ಲ, ದೊಡ್ಡವರಿಗೂ ಆಗಲಿಲ್ಲ. ಅಷ್ಟರೊಳಗೆ ಮೆದುಳು ದಿನಾ ಕಾಣುವ ಮುಖಗಳಿಗೆ ಮಾತ್ರ ಹದವಾಗಿಬಿಟ್ಟಿರುತ್ತದೆ. ನಮಗೆ ಬೇರೆ ದೇಶದವರೆಲ್ಲ ಒಂದೇ ಥರ ಕಾಣುವುದೂ ಈ ಕಾರಣಕ್ಕೇ, ಅವರಿಗೆ ನಾವು ಕಾಣುವುದೂ ಹಾಗೇ.

ವಸ್ತುಗಳದ್ದು ಬೇರೆ ದಾರಿ. ಅಲ್ಲೂ ಮಕ್ಕಳು ಎಡವುತ್ತವೆ. 9 ತಿಂಗಳ ಕೂಸು ಪುಸ್ತಕದಲ್ಲಿರುವ ಚಿತ್ರವನ್ನೇ ಎತ್ತಿಕೊಳ್ಳಲು ಕೈ ಹಾಕುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ನಮ್ಮವಳು ಆಟದ ಸೆಟ್ಟಿನ ಬೆರಳುದ್ದದ ಕುರ್ಚಿ ಮೇಲೆ ಕೂರಲು ಹೋಗಿ ಬಿದ್ದಿದ್ದಳು. ನಾವೆಲ್ಲ ನಕ್ಕಿದ್ದೆವು. ಆ ವಯಸ್ಸಿನ ಮಕ್ಕಳು ಇದನ್ನು ನಿಜವಾಗಿಯೂ ಮಾಡುತ್ತವೆ ಅಂತ 2004ರಲ್ಲಿ ಅಧ್ಯಯನವೇ ಬಂದಿದೆ. ಆದರೆ ವಸ್ತುಗಳಲ್ಲಿ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತವೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನವರು 7ರಿಂದ 11 ವರ್ಷದ ಮಕ್ಕಳ ಮೆದುಳನ್ನು ಎಂಆರ್‌ಐನಲ್ಲಿ ನೋಡಿದರು. ವಸ್ತುಗಳನ್ನು ಗುರುತಿಸುವ ಭಾಗ ಆಗಲೇ ದೊಡ್ಡವರಷ್ಟೇ ಇತ್ತು. ಮುಖಕ್ಕೆ ಸ್ಪಂದಿಸುವ ಬಲಗಡೆಯ ಭಾಗ ಮಾತ್ರ ದೊಡ್ಡವರದಕ್ಕಿಂತ ಬಹಳ ಚಿಕ್ಕದಿತ್ತು. ಕಾರಿನ ಮಾಡೆಲ್ ಹೇಳುವವನಿಗೆ ಮುಖ ಯಾಕೆ ನೆನಪಿರಲ್ಲ ಅಂತ ಕೇಳಿದ್ದೀರಲ್ಲ, ಅದಕ್ಕೆ ಇದೇ ಉತ್ತರ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿರಲೇಬೇಕು ಅಂತೇನಿಲ್ಲ. ಇದರಲ್ಲಿ ಸೋಮಾರಿತನವೂ ಇಲ್ಲ, ಕೊಬ್ಬೂ ಇಲ್ಲ.

ಮುಖ ಗುರುತಿಸುವ ಶಕ್ತಿ ಬೆಳೆಯಲು ತೆಗೆದುಕೊಳ್ಳುವ ಕಾಲವೂ ಜಾಸ್ತಿ. 2011ರಲ್ಲಿ ಇಂಟರ್‌ನೆಟ್ ಮೂಲಕ ಸಾವಿರಾರು ಜನರನ್ನು ಪರೀಕ್ಷಿಸಿದಾಗ, ಹೊಸ ಮುಖ ನೆನಪಿಟ್ಟುಕೊಳ್ಳುವ ಶಕ್ತಿ 30 ದಾಟಿದ ಮೇಲೆ ತುತ್ತತುದಿ ಮುಟ್ಟುತ್ತದೆ ಅಂತ ಕಂಡುಬಂತು. ಹೆಸರು ನೆನಪಿಟ್ಟುಕೊಳ್ಳುವುದು ಅದಕ್ಕಿಂತ ಬಹಳ ಮೊದಲೇ ಇಳಿಯಲು ಶುರುವಾಗಿರುತ್ತದಂತೆ. ಇದನ್ನು ತೋರಿಸಿ ಮಗಳು ‘ಅಪ್ಪ, ನಂಗೆ ಇನ್ನೂ ಟೈಮಿದೆ’ ಅನ್ನುತ್ತಾಳೆ. ಇದು ಸರಾಸರಿ ಲೆಕ್ಕ, ಅವಳಿಗೂ ಗೊತ್ತು.

ಏಕೆಂದರೆ ನಮ್ಮವಳದ್ದು ವಯಸ್ಸಿನ ಮಾತಲ್ಲ. ಮೇಡಂ ಅವಳಿಗೆ ಮುಖಗಳನ್ನು ನೇರವಾಗಿಯೂ ತಲೆಕೆಳಗಾಗಿಯೂ ತೋರಿಸಿದರು. ಸಾಮಾನ್ಯವಾಗಿ ತಲೆಕೆಳಗು ಮಾಡಿದರೆ ಮನೆ, ವಿಮಾನದಂಥವಕ್ಕಿಂತ ಮುಖ ಗುರುತಿಸುವುದು ತೀರಾ ಕಷ್ಟವಾಗುತ್ತದೆ. ಇದು 1969ರಿಂದ ಗೊತ್ತಿರುವ ವಿಷಯ. ನಾವು ಮುಖವನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೇ ನೋಡುತ್ತೇವೆ, ತಿರುಗಿಸಿದರೆ ಆ ಒಟ್ಟು ನೋಟ ಕೆಟ್ಟುಹೋಗುತ್ತದೆ. ನಮ್ಮವಳಿಗೆ ನೇರ ಮುಖವೂ ತಲೆಕೆಳಗಾದ ಮುಖವೂ ಹೆಚ್ಚುಕಮ್ಮಿ ಒಂದೇ ಥರ ಕಷ್ಟ. ಅವಳು ಹುಬ್ಬು ಬೇರೆ, ಗಲ್ಲ ಬೇರೆ, ಮಚ್ಚೆ ಬೇರೆ ಅಂತ ಲೆಕ್ಕ ಹಾಕುತ್ತಿದ್ದಳು, ಲೋಟದ ಅಂಚು ನೋಡಿದ ಹಾಗೆಯೇ. ಹೀಗೆ ಮುಖ ನೋಡಿ ಜನರನ್ನು ಗುರುತಿಸಲು ಆಗದಿರುವುದಕ್ಕೆ ಪ್ರೋಸೋಪಗ್ನೋಸಿಯಾ ಅನ್ನುತ್ತಾರೆ, ಅವಳದ್ದು ಹುಟ್ಟಿನಿಂದ ಬಂದದ್ದು. ಜರ್ಮನಿಯ ವಿದ್ಯಾರ್ಥಿಗಳಲ್ಲಿ 2006ರಲ್ಲಿ ಹುಡುಕಿದಾಗ 100ಕ್ಕೆ ಸುಮಾರು 2.5 ಜನ ಸಿಕ್ಕರು. ಅಷ್ಟೇನೂ ಅಪರೂಪವಲ್ಲ. ನರವೈದ್ಯ ಆಲಿವರ್ ಸ್ಯಾಕ್ಸ್‌ಗೂ ಇತ್ತು. ಚಿಂಪಾಂಜಿಗಳ ಅಧ್ಯಯನ ಮಾಡಿದ ಜೇನ್ ಗುಡಾಲ್ ಕೂಡ ತಮಗಿದೆ ಅಂತ ಹೇಳಿಕೊಂಡಿದ್ದವರು.

ಮೇಡಂ ನನ್ನನ್ನು ‘ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?’ ಅಂತ ಕೇಳಿದಾಗ ಇಲ್ಲ ಅಂದುಬಿಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾಯಿತು, ನಮ್ಮಮ್ಮ. ಊರಲ್ಲಿ ಅವರಿಗೆ ‘ಜಂಬದ ಹೆಂಗಸು’ ಅಂತಲೇ ಹೆಸರಿತ್ತು. ದಾರಿಯಲ್ಲಿ ಸಿಕ್ಕವರನ್ನು ನೋಡಿಯೂ ನೋಡದ ಹಾಗೆ ಹೋಗುತ್ತಾರೆ ಅಂತ. ಮದುವೆ ಮನೆಯಲ್ಲಿ ಅಮ್ಮ ಯಾವಾಗಲೂ ಬಾಗಿಲ ಪಕ್ಕ ಕೂತು, ಎಲ್ಲರಿಗೂ ಒಂದೇ ನಗು ನಗುತ್ತಿದ್ದರು. ‘ಚೆನ್ನಾಗಿದ್ದೀರಾ, ಮನೆಯಲ್ಲೆಲ್ಲ ಹೇಗಿದ್ದಾರೆ?’ ಅಂತ ಹೆಸರು ಹೇಳದೆ ಮಾತು ತೆಗೆದು, ಧ್ವನಿ ಕೇಳಿದ ಮೇಲೆ ನಿರಾಳವಾಗುತ್ತಿದ್ದರು. ಮುಖ ಗುರುತಿಸುವ ಶಕ್ತಿ ರಕ್ತದಲ್ಲಿ ಬರುವುದು ಜಾಸ್ತಿ ಅಂತ ಅವಳಿಗಳ ಅಧ್ಯಯನಗಳೂ ಹೇಳುತ್ತವೆ. ಅಮ್ಮನನ್ನು ಕೇಳಿದಾಗ ಅವರು ಅಂದದ್ದು ಇಷ್ಟು: ‘ಎಲ್ಲರಿಗೂ ಹಂಗೇ ಅಂದ್ಕಂಡಿದ್ದೆ ಕಣೋ.’ ನಿಮ್ಮ ಮನೆಯಲ್ಲೂ ಇಂಥ ಜಂಬದವರು ಯಾರಿದ್ದಾರೆ ಅಂತ ಒಮ್ಮೆ ಯೋಚಿಸಿ ನೋಡಿ.

ಈಗ ನಿಮ್ಮ ಪ್ರಶ್ನೆ. ತರಬೇತಿಯಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಅವನ ಮುಖದ ನೋಟ ತಿದ್ದುವುದು ನಿಮ್ಮ ಕೆಲಸವಲ್ಲ. ಅದು ವಯಸ್ಸಿನ ಜೊತೆ ಬರುವುದಿದ್ದರೆ ಬರುತ್ತದೆ. ಬರದಿದ್ದರೆ, ಅವನ ಹತ್ತಿರ ಆಗಲೇ ಇರುವ ದಾರಿಗಳನ್ನು ಕಿತ್ತುಕೊಳ್ಳಬೇಡಿ. ನಡಿಗೆ, ಧ್ವನಿ, ಗಾಡಿ, ವಾಚು, ಜುಮಕಿ, ಏನು ಬೇಕಾದರೂ ನೋಡಲಿ. ‘ನೀವು ಯಾರು ಅಂತ ಗೊತ್ತಾಗಲಿಲ್ಲ’ ಅಂತ ಜೋರಾಗಿ ಹೇಳಲಿ. ಅದಕ್ಕೆ ಮಿಠಾಯಿ ಕೊಡಿ. ನೆಂಟರಿಗೆ ಹೇಳಿಬಿಡಿ, ‘ನಾನು ಯಾರು ಹೇಳು ನೋಡೋಣ’ ಅನ್ನೋ ಆಟ ನಮ್ಮ ಮನೆಯಲ್ಲಿ ಬೇಡ, ಬಂದವರು ತಾವೇ ‘ನಾನು ನಿನ್ನ ದೊಡ್ಡಮ್ಮ ಕಣೋ’ ಅಂತ ಶುರು ಮಾಡಲಿ ಅಂತ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ ಬಿಡಿ. ಸ್ಕೂಲಿಗೆ ಬೇರೆಯವರನ್ನು ಕಳಿಸುವಾಗ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಅದನ್ನು ಹೇಳದವರ ಗಾಡಿ ಹತ್ತುವಂತಿಲ್ಲ. ಕ್ಲಾಸ್ ಟೀಚರಿಗೂ ತಿಳಿಸಿ.

ಡಾಕ್ಟರ್ ವಿಷಯ. ಮೊದಲು ಕಣ್ಣು ತೋರಿಸಿ, ಕನ್ನಡಕದಲ್ಲೇ ಮುಗಿದರೆ ಒಳ್ಳೆಯದೇ. ತಲೆಗೆ ಪೆಟ್ಟು ಬಿದ್ದೋ, ಫಿಟ್ಸ್ ಅಥವಾ ಜೋರು ಜ್ವರ ಬಂದೋ ಆಮೇಲೆ ದಿಢೀರ್ ಅಂತ ಶುರುವಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಇವತ್ತೇ ಹೋಗಿ. ಅದೇನೂ ಇಲ್ಲ, ಆದರೂ ದಿನಾ ಕಾಣುವವರನ್ನೂ ಬಟ್ಟೆ, ಕೂದಲು ಬದಲಾದರೆ ಗುರುತಿಸುತ್ತಿಲ್ಲ ಅಂದರೆ ನ್ಯೂರೋಸೈಕಾಲಜಿಸ್ಟ್ ಹತ್ತಿರ ಹೋಗಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಟೆಸ್ಟುಗಳನ್ನು ಮಗುವಿಗೆ ಕೊಟ್ಟು ನೀವೇ ತೀರ್ಪು ಹೇಳಬೇಡಿ. ಅದರಲ್ಲಿ ಬಹಳಷ್ಟು ಬಿಳಿಯರ ಮುಖಗಳು, ನಮ್ಮ ಮಕ್ಕಳಿಗೆ ಮೊದಲೇ ಕಷ್ಟ.

ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿಗೆ ಒಂದು ರೂಪಾಯಿಯೂ ಕೊಡಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರಲ್ಲ, ಮಕ್ಕಳು ಮೂಗಿನ ಪಕ್ಕದ ಸಂದಿಯಲ್ಲಿ ನೋಡಿ ಓದುವುದು ಅದು. ಮುಖ ಗುರುತಿಸುವ ಕೆಲಸ ನಡೆಯುವುದು ಮೆದುಳಿನ ಅಡಿಭಾಗದಲ್ಲಿ, ಕಿವಿಯ ಹಿಂದಿನ ಕಡೆಗೆ, ಬಲಗಡೆ ಜಾಸ್ತಿ. ಮಿಡ್‌ಬ್ರೇನ್ ಅನ್ನುವ ಜಾಗವೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಕಾಣದ್ದನ್ನು ಕಂಡೆ ಅಂತ ನಟಿಸುವುದನ್ನೇ ಅಲ್ಲಿ ಕಲಿಸುತ್ತಾರೆ. ಆ ಫೀಸಿನ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ ಸರಿಯಾದವರಿಗೆ ತೋರಿಸಿಕೊಂಡು ಬನ್ನಿ. ಹೋಗುವಾಗ ‘ಎಲ್ಲಾ ಸರಿಯಾಗಿ ಹೇಳಬೇಕು, ಆಯ್ತಾ?’ ಅಂತ ಮಗನಿಗೆ ಹೇಳಿಕೊಟ್ಟು ಮಾತ್ರ ಒಳಗೆ ಕಳಿಸಬೇಡಿ. ನಾನು ಹಾಗೆ ಹೇಳಿ ಕಳಿಸಿದ್ದಕ್ಕೆ ಮೊದಲ ದಿನದ ಟೆಸ್ಟು ಪೂರ್ತಿ ದಂಡವಾಯಿತು.